ಬಳ್ಳಿಗಾವೆಯಿಂದ ಬಂದ ರೂವಾರಿ

ಕಳೆದ ಮಳೆಗಾಲದ ಕೊನೆಯ ಒಂದು ಭಾನುವಾರ ಅರಸೀಕೆರೆಯಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ ಹೊರಬರುತ್ತಿದ್ದಾಗ ತಾಯಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಕಿರಿಯ ಮಗ ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದಾನೆ. ತಂದೆ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಮಗನೂ ರೈಲ್ವೆ ನೇಮಕಾತಿ ಪರೀಕ್ಷೆಗೆ ಕುಳಿತುಕೊಳ್ಳಲಿ ಎಂಬುದು ಅವರ ಆಸೆ. ಹುಡುಗನಾದರೋ ಬೇಲೂರಿನ ಶಿಲ್ಪಿಯೊಬ್ಬರ ಬಳಿ ಕಲ್ಲಿನ ಕೆತ್ತನೆ ಕಲಿಯುತ್ತೇನೆಂದು ಹಟ ಹಿಡಿದಿದ್ದಾನೆ. "ಪತ್ರಿಕೆಯಲ್ಲಿ ಬರೆಯುವವರು ನೀವು, ನಾಲ್ಕು ಊರು ಕಂಡವರು. ಅವನಿಗೆ ಸ್ವಲ್ಪ ಬುದ್ಧಿ ಹೇಳಿ ಅಣ್ಣಾ" ಎಂದರು.

ಅವರ ಚಿಂತೆ ಅನ್ನದ್ದು ಮಾತ್ರವಾಗಿರಲಿಲ್ಲ. ಕಲ್ಲಿನ ಧೂಳು ಕುಡಿದು ಮಗನ ಎದೆ ಕೆಟ್ಟೀತೆಂಬ ಭಯವಿತ್ತು. ಅದಕ್ಕಿಂತಲೂ ಆಳದಲ್ಲಿದ್ದ ಇನ್ನೊಂದು ಮಾತನ್ನು ಅವರು ದನಿ ತಗ್ಗಿಸಿ ಹೇಳಿದರು: "ಅಲ್ಲಿ ಅವನು ಕೆತ್ತುವುದು ಬೇರೆಯವರ ದೇವರನ್ನಲ್ಲವೇ? ನಾಳೆ ನಮ್ಮ ಜನ ಏನೆಂದಾರು?"

ಬುದ್ಧಿ ಹೇಳುವ ಯೋಗ್ಯತೆ ನಮಗಿದೆಯೆಂದು ನಮಗೆ ಅನ್ನಿಸಲಿಲ್ಲ. ಆದುದರಿಂದ ಹುಡುಗನೊಡನೆ ಒಂದು ದಿನ ಹೋಗಿ ನೋಡಿಬರುವೆವೆಂದಷ್ಟೇ ಮಾತು ಕೊಟ್ಟೆವು. ಆ ದಿನ ಕಂಡದ್ದನ್ನೂ ಅದರ ನೆವದಲ್ಲಿ ಓದಿ ತಿಳಿದದ್ದನ್ನೂ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ. ಇಂತಹ ಮಕ್ಕಳು ಬೇರೆ ಮನೆಗಳಲ್ಲಿಯೂ ಇದ್ದಾರು.

ಅರಸೀಕೆರೆಯೆಂದರೆ ನಮ್ಮಲ್ಲಿ ಹಲವರಿಗೆ ರೈಲು ಬದಲಾಯಿಸುವ ಜಂಕ್ಷನ್, ಮಿಕ್ಕವರಿಗೆ ಕೊಬ್ಬರಿಯ ಮಾರುಕಟ್ಟೆ. ನಾವೂ ಎಷ್ಟೋ ಸಲ ಆ ನಿಲ್ದಾಣದ ಬೆಂಚಿನ ಮೇಲೆ ಗಂಟೆಗಟ್ಟಲೆ ಕುಳಿತವರೇ. ಎದ್ದು ಊರೊಳಗಿನ ಶಿವಾಲಯದವರೆಗೆ ನಡೆದುಹೋದದ್ದು ಮಾತ್ರ ಇದೇ ಮೊದಲು. 1220ರ ಸುಮಾರಿಗೆ, ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಗುಡಿಯದು. ಗರ್ಭಗುಡಿಯ ತಳವಿನ್ಯಾಸ ಹದಿನಾರು ಕೋನಗಳ ನಕ್ಷತ್ರ. ಮುಂದಿನ ತೆರೆದ ಮಂಟಪವೂ ನಕ್ಷತ್ರದ ಆಕಾರದ್ದೇ, ಅದರ ಮೇಲೆ ಗುಮ್ಮಟದಂತಹ ಛಾವಣಿ. ಬೇಲೂರಿನ ಮದನಿಕೆಯರನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಶೆಯಾದೀತು. ಇಲ್ಲಿಯ ಹೆಚ್ಚುಗಾರಿಕೆ ವಿಗ್ರಹಗಳದ್ದಲ್ಲ, ಲೆಕ್ಕದ್ದು. ಕೋನ ಕೋನವನ್ನೂ ಹೊಂದಿಸಿ ಕಲ್ಲನ್ನು ಕೂಡಿಸಿದ ಆ ಗಣಿತವನ್ನು ಹುಡುಗ ಗೇಣು ಹಾಕಿ ಅಳೆಯುತ್ತ ಗೋಡೆಯುದ್ದಕ್ಕೂ ಸುತ್ತಿ ಬಂದ. ಅವನು ಬಾಯಿ ಬಿಟ್ಟು ಹೇಳಿದ್ದು ಕಡಮೆ. ಅದೇ ಊರಿನಲ್ಲಿ ಅದೇ 1220ರಲ್ಲಿ ರೇಚರಸನೆಂಬ ಅಧಿಕಾರಿ ಜೈನರಿಗಾಗಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ. ಒಂದೇ ಊರು, ಒಂದೇ ಕಾಲ, ಎರಡು ಧರ್ಮಗಳ ಗುಡಿಗಳು. ತಾಯಿಯ ಮೂರನೆಯ ಪ್ರಶ್ನೆ ನಮಗೆ ಮೊದಲ ಸಲ ನೆನಪಾದದ್ದು ಅಲ್ಲಿ.

ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಹೋಗುವ ಬಸ್ಸು ಹಿಡಿದೆವು. ಜಾವಗಲ್ ಎಂದೊಡನೆ ಕ್ರಿಕೆಟ್ ಆಟಗಾರ ಶ್ರೀನಾಥರ ಹೆಸರು ಹುಡುಗನ ಬಾಯಿಗೆ ಬಂತು, ಅದು ಸಹಜವೇ. ಆದರೆ ಅಲ್ಲಿಯ ಲಕ್ಷ್ಮೀನರಸಿಂಹ ಗುಡಿಯಲ್ಲಿ ಇನ್ನೊಬ್ಬನ ಕೈ ಇದೆ. ಅವನ ಹೆಸರು ಮಲ್ಲಿತಮ್ಮ. 1196ರಲ್ಲಿ ಕಟ್ಟಿದ, ತರೀಕೆರೆಯ ಸಮೀಪದ ಅಮೃತಪುರದ ಗುಡಿಯಲ್ಲಿ ಅವನ ಹೆಸರು ಸಿಗುತ್ತದೆ. 1246ರ ನುಗ್ಗೇಹಳ್ಳಿಯಲ್ಲಿ ಸಿಗುತ್ತದೆ. 1268ರ ಸೋಮನಾಥಪುರದಲ್ಲಿಯೂ ಸಿಗುತ್ತದೆ. ಇಷ್ಟೂ ಒಬ್ಬನೇ ಆಗಿದ್ದರೆ ಎಪ್ಪತ್ತು ವರ್ಷಗಳಿಗೂ ಮೀರಿದ ದುಡಿಮೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯನ್ನು ನೆನೆದರೆ ಇಬ್ಬರಿದ್ದರೂ ಆಶ್ಚರ್ಯವಿಲ್ಲ. ನುಗ್ಗೇಹಳ್ಳಿಯ ಸಂಗತಿ ಇನ್ನೂ ಸ್ವಾರಸ್ಯವಾದುದು. ಅಲ್ಲಿ ಉತ್ತರದ ಗೋಡೆಯ ವಿಗ್ರಹಗಳು ಮಲ್ಲಿತಮ್ಮನವು, ದಕ್ಷಿಣದವು ಬೈಚೋಜನವು. ಈ ಬೈಚೋಜ ನಂದಿಯವನು. ಅಂದರೆ ಇಂದಿನ ಚಿಕ್ಕಬಳ್ಳಾಪುರದ ಕಡೆಯವನು. ಒಂದು ಗುಡಿಯ ಎರಡು ಪಕ್ಕಗಳನ್ನು ಎರಡು ಊರಿನ ಇಬ್ಬರು ಶಿಲ್ಪಿಗಳು ಹಂಚಿಕೊಂಡು ಕೆತ್ತಿದ್ದಾರೆ. ಇಂತಹ ಹೆಸರುಗಳನ್ನು ಕಲ್ಲುಕಲ್ಲಿನಿಂದ ಆಯ್ದು, ಯಾರ ಕೈ ಯಾವುದೆಂದು ಶೈಲಿಯಿಂದ ಗುರುತಿಸುವ ಕೆಲಸವನ್ನು ಕೆಲ್ಸನ್ ಕಾಲಿಯರ್ ಎಂಬ ವಿದ್ವಾಂಸರು ಮಾಡಿದರು. ಅವರ ಗ್ರಂಥವನ್ನು ಮೈಸೂರಿನ ಪ್ರಾಚ್ಯವಸ್ತು ಮತ್ತು ಸಂಗ್ರಹಾಲಯಗಳ ಇಲಾಖೆ 1990ರಲ್ಲಿ ಪ್ರಕಟಿಸಿತು.

ಹಳೇಬೀಡು ಹೊಯ್ಸಳರ ರಾಜಧಾನಿ ದೋರಸಮುದ್ರ. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ, ಕೇತಮಲ್ಲನೆಂಬ ಅಧಿಕಾರಿಯ ಮುಂದಾಳುತನದಲ್ಲಿ ಆರಂಭವಾದ ಹೊಯ್ಸಳೇಶ್ವರ ಗುಡಿಯನ್ನು ಕಾಣಲು ಪ್ರವಾಸಿಗಳು ಮುಗಿಬೀಳುತ್ತಾರೆ. ಸ್ವಲ್ಪವೇ ದೂರದಲ್ಲಿ ಪಾರ್ಶ್ವನಾಥ ಬಸದಿಯಿದೆ. ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ್ದು. ಅಲ್ಲಿ ಜನವಿಲ್ಲ. ಒಳಗಿನ ಕಂಬಗಳು ಚರಕಿಗೆ ಹಾಕಿ ತಿರುಗಿಸಿ ನುಣುಪುಗೊಳಿಸಿದವು. ಬೆಳಕು ಬಿದ್ದರೆ ಎದುರು ನಿಂತವರ ನೆರಳು ಅವುಗಳಲ್ಲಿ ಕಾಣುತ್ತದೆ. ಶೈವರ ಗುಡಿಯಲ್ಲಿ ಕಂಡ ಕುಶಲತೆಯೇ ಜೈನರ ಬಸದಿಯಲ್ಲಿಯೂ ಇದೆ. ಕೆಲಸ ಮಾಡಿಸುವವನ ದೇವರು ಯಾರೆಂಬುದು ವಿಗ್ರಹದ ಲಕ್ಷಣವನ್ನು ತೀರ್ಮಾನಿಸುತ್ತಿತ್ತು. ಶಿಲ್ಪಿಯ ಉಳಿಯ ಗತಿಯನ್ನು ಬದಲಿಸುತ್ತಿರಲಿಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡು ಈ ಊರಿನ ಮೇಲೆ ಬಿತ್ತು. ಆ ವೈಭವ ಮತ್ತೆ ಮರಳಲಿಲ್ಲ. ಕೊನೆಗೆ ಊರಿಗೆ ಉಳಿದ ಹೆಸರೇ ಹಳೆಯ ಬೀಡು.

ಅಲ್ಲಿಂದ ಬೇಲೂರಿಗೆ ಹದಿನಾರು ಕಿಲೋಮೀಟರು. ಚೆನ್ನಕೇಶವ ಗುಡಿಯ ಪ್ರತಿಷ್ಠೆ ನಡೆದದ್ದು 1117ರ ಮಾರ್ಚ್ ತಿಂಗಳಲ್ಲಿ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಇಲ್ಲಿ ಜನಸಂದಣಿ ಮತ್ತಷ್ಟು ಹೆಚ್ಚಿದಂತೆ ನಮಗೆ ಕಂಡಿತು. ಮಾರ್ಗದರ್ಶಿಗಳು ಹೊರಗಿನ ಮೂವತ್ತೆಂಟು, ಒಳಗಿನ ನಾಲ್ಕು ಮದನಿಕೆಯರ ಕಡೆಗೆ ಕೈ ತೋರಿಸುತ್ತಾರೆ: ದರ್ಪಣ ಹಿಡಿದವಳು, ಗಿಳಿಯೊಡನೆ ಮಾತನಾಡುವವಳು, ಕೋತಿ ಸೆರಗೆಳೆದವಳು. ಅವರು ತೋರಿಸದೆ ಬಿಡುವುದು ಪೀಠದ ಕೆಳಗಿನ ಸಣ್ಣ ಅಕ್ಷರಗಳನ್ನು. ಅಲ್ಲಿ ಕೆತ್ತಿದವನ ಹೆಸರಿದೆ.

ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ದಾಸೋಜನವು ನಾಲ್ಕು, ಚಾವಣನವು ಐದು ಮದನಿಕೆಗಳೆಂದು ಎಣಿಸಿದ್ದಾರೆ. ಗದುಗಿನ ನಾಗೋಜ ಬೇರೆ ಇದ್ದಾನೆ. ಮಲ್ಲಿಯಣ್ಣ, ಚಿಕ್ಕಹಂಪ, ಪದರಿ ಮಲ್ಲೋಜ ಮುಂತಾದವರಿದ್ದಾರೆ. ಈ ಶಾಸನಗಳ ಭಾಷೆಯಲ್ಲಿ ಶಿಲ್ಪಿಗೆ 'ರೂವಾರಿ' ಎಂದು ಹೆಸರು. ಈಗ ನಾವು ಯೋಜನೆಯ ರೂವಾರಿ, ಒಕ್ಕೂಟದ ರೂವಾರಿ ಎಂದು ರಾಜಕಾರಣಿಗಳಿಗೆ ಧಾರಾಳವಾಗಿ ಕೊಡುವ ಪದವದು. ಕೈಯಲ್ಲಿ ಸುತ್ತಿಗೆ ಹಿಡಿಯದವರಿಗೂ ಸಲ್ಲುತ್ತಿದೆ. ರೂವಾರಿಗಳು ವಿನಯವಂತರಾಗಿದ್ದರೆಂದು ಭಾವಿಸಬೇಕಾಗಿಲ್ಲ. ಚಾವಣನ ಬಿರುದಿನಲ್ಲಿ ಎದುರಾಳಿ ರೂವಾರಿಗಳೆಲ್ಲ ಮನ್ಮಥರು, ತಾನು ಅವರನ್ನು ಸುಡುವ ಶಿವ!

ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಬೇಲೂರಿಗೆ ನೂರೈವತ್ತು ಕಿಲೋಮೀಟರಿಗೂ ಮೀರಿದ ದಾರಿ. ಅದು ಅಂದು ಹಳ್ಳಿಯಲ್ಲ, ಮಠಗಳೂ ಪಂಡಿತರೂ ವರ್ತಕರೂ ತುಂಬಿದ್ದ ನಗರ, ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇರಿದ್ದು. ಹೊಯ್ಸಳರಾದರೋ ಅದೇ ಚಾಲುಕ್ಯರ ಸಾಮಂತರು, ಸ್ವತಂತ್ರರಾಗಲು ಹವಣಿಸುತ್ತಿದ್ದವರು. ಹಳೆಯ ನಗರದ ಪಳಗಿದ ಕೈ, ಮೇಲೇಳುತ್ತಿದ್ದ ಊರಿಗೆ ಬಂದು ನಿಂತಿತು. ಮಗನನ್ನೂ ಕರೆತಂದಿತು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಇಲ್ಲಿ ತಂಗಿ, ಇಲ್ಲಿಯ ಕಲ್ಲಿನಲ್ಲಿ, ಇಲ್ಲಿಯವರೊಡನೆ ದುಡಿದು, ತನ್ನ ಊರಿನ ಹೆಸರನ್ನು ಇಲ್ಲಿಯ ಗೋಡೆಯ ಮೇಲೆ ಬಿಟ್ಟಿತು. ಇಂದು ನಗರ ನಗರಗಳ ನಡುವೆ, ದೇಶ ದೇಶಗಳ ನಡುವೆ 'ಆರ್ಟಿಸ್ಟ್ ರೆಸಿಡೆನ್ಸಿ' ಎಂಬ ಏರ್ಪಾಡು ನಡೆಯುತ್ತಿದೆಯಲ್ಲವೇ? ಒಂದು ಊರಿನ ಕಲಾವಿದನಿಗೆ ಇನ್ನೊಂದು ಊರು ಕೆಲವು ವಾರ ಅಥವಾ ತಿಂಗಳ ಕಾಲ ಇರಲು ಕೋಣೆ, ದುಡಿಯಲು ಜಾಗ, ಸಾಮಗ್ರಿ, ಊಟದ ಖರ್ಚು ಕೊಡುತ್ತದೆ. ಅವನು ಅಲ್ಲಿಯವರೊಡನೆ ಬೆರೆತು ಒಂದು ಕೃತಿಯನ್ನು ಮಾಡಿಹೋಗುತ್ತಾನೆ. ಹೆಸರು ಹೊಸದು. ಕೆಲಸವನ್ನು ದಾಸೋಜ ಮಾಡಿ ಒಂಬೈನೂರು ವರ್ಷಗಳಾದವು.

ಆದರೂ ನಮ್ಮ ಜನ ನೆನಪಿಟ್ಟುಕೊಂಡಿರುವುದು ದಾಸೋಜನನ್ನಲ್ಲ, ಜಕಣಾಚಾರಿಯನ್ನು. ತಂದೆ ಕೆತ್ತಿದ ವಿಗ್ರಹದಲ್ಲಿ ದೋಷವಿದೆಯೆಂದು ಹುಡುಗನೊಬ್ಬ ಹೇಳಿದ್ದು, ಹೊಕ್ಕುಳಿನ ಬಳಿ ಕಲ್ಲಿನೊಳಗಿಂದ ಕಪ್ಪೆ ಹೊರಬಂದದ್ದು, ಮಾತಿನಂತೆ ತಂದೆ ಬಲಗೈ ಕಡಿದುಕೊಂಡದ್ದು, ಆ ಹುಡುಗ ತನ್ನ ಮಗ ಡಂಕಣನೆಂದು ತಿಳಿದದ್ದು, ತುಮಕೂರಿನ ಬಳಿಯ ಕೈದಾಳದಲ್ಲಿ ಕೈ ಮತ್ತೆ ಬಂದದ್ದು ಎಲ್ಲರೂ ಬಲ್ಲ ಕಥೆ. 1964ರಲ್ಲಿ ಇದು ವರ್ಣಚಿತ್ರವಾಗಿ ತೆರೆಗೂ ಬಂತು. ಬೇಲೂರಿನ ಪ್ರಾಕಾರದೊಳಗೆ ಕಪ್ಪೆ ಚೆನ್ನಿಗರಾಯನೂ ಇದ್ದಾನೆ. ಇಷ್ಟೊಂದು ಹೆಸರುಗಳನ್ನು ಉಳಿಸಿದ ಬೇಲೂರಿನ ಕಲ್ಲುಗಳಲ್ಲಿ ಜಕಣಾಚಾರಿಯ ಹೆಸರು ಮಾತ್ರ ಇಲ್ಲ. 'ದಕ್ಷಿಣಾಚಾರಿ' ಎಂಬ ಸಾಮಾನ್ಯನಾಮವೇ ಹೀಗೆ ಒಬ್ಬ ವ್ಯಕ್ತಿಯಾಗಿ ಬೆಳೆದಿರಬೇಕೆಂದು ಕೆಲವು ವಿದ್ವಾಂಸರ ಮತ. ನಮಗೆ ಇದರಲ್ಲಿ ಕುತೂಹಲವೆನಿಸಿದ್ದು ಬೇರೆ. ಕಥೆಯಲ್ಲಿ ತಂದೆ ಮಗನನ್ನು ತೊರೆದುಹೋಗುತ್ತಾನೆ, ಮಗ ತಂದೆಯನ್ನು ಸೋಲಿಸುತ್ತಾನೆ. ಶಾಸನದಲ್ಲಿ ತಂದೆ ಮಗ ಒಂದೇ ಗೋಡೆಯಲ್ಲಿ ಅಕ್ಕಪಕ್ಕ ಕೆಲಸ ಮಾಡಿದ್ದಾರೆ. ಜನ ಕಥೆಯನ್ನೇ ಆಯ್ದುಕೊಂಡರು. ಹುಡುಗನಿಗೆ ಇದನ್ನು ಹೇಳಿದಾಗ ಅವನು ನಕ್ಕು, "ನಮ್ಮಪ್ಪನಿಗೆ ಎರಡನೆಯದನ್ನು ಹೇಳಿ" ಎಂದ.

ಹೊರಗಿನ ಪ್ರಪಂಚದ ಮಾತನ್ನು ಸ್ವಲ್ಪ ಹೇಳಬೇಕು. ಆಸ್ಟ್ರಿಯಾ ದೇಶದಲ್ಲಿ ಸಂತ ಮಾರ್ಗರೇಟರ ಹೆಸರಿನ ಒಂದು ಊರಿದೆ, ಸಾಂಕ್ಟ್ ಮಾರ್ಗರೇತನ್. ಅಲ್ಲಿಯ ಕಲ್ಲುಗಣಿ ರೋಮನರ ಕಾಲದ್ದು. ವಿಯೆನ್ನಾದ ಸಂತ ಸ್ತೆಫಾನರ ಪ್ರಧಾನಾಲಯಕ್ಕೂ ಅಲ್ಲಿಂದ ಕಲ್ಲು ಹೋಗಿದೆ. 1959ರಲ್ಲಿ ಕಾರ್ಲ್ ಪ್ರಾಂಟಲ್ ಎಂಬ ಶಿಲ್ಪಿ ಹಲವು ದೇಶಗಳ ಶಿಲ್ಪಿಗಳನ್ನು ಆ ಗಣಿಗೆ ಕರೆದರು. ಮಹಾಯುದ್ಧ ಮುಗಿದು ಹದಿನಾಲ್ಕು ವರ್ಷಗಳಷ್ಟೇ ಆಗಿದ್ದುವು. ಯುರೋಪು ಎರಡು ಬಣಗಳಾಗಿ ಹೋಳಾಗಿತ್ತು. ಅಂತಹ ಸಮಯದಲ್ಲಿ ಶಿಲ್ಪಿಗಳು ಒಂದು ಬೇಸಿಗೆಯನ್ನು ಗಣಿಯಲ್ಲಿಯೇ ಕಳೆದು, ಬಯಲಿನಲ್ಲಿಯೇ ಕೆತ್ತಿ, ಕೃತಿಗಳನ್ನು ಅಲ್ಲಿಯೇ ನಿಲ್ಲಿಸಿದರು. ಇಂದು ನಾನಾ ದೇಶಗಳಲ್ಲಿ, ನಮ್ಮಲ್ಲಿಯೂ, ನಡೆಯುವ ಶಿಲ್ಪ ಶಿಬಿರಗಳಿಗೆ ಅದೇ ಮೇಲ್ಪಂಕ್ತಿ. ಅದೇ ಗಣಿಯಲ್ಲಿ 1961ರಿಂದ ಊರ ಜನ ಯೇಸುಸ್ವಾಮಿಯ ಯಾತನೆಯ ನಾಟಕವನ್ನು ಆಡುತ್ತ ಬಂದಿದ್ದಾರೆಂಬುದು ನಮ್ಮ ಓದುಗರಿಗೆ ಪ್ರಿಯವಾದ ಸುದ್ದಿಯಾದೀತು. ಪ್ಯಾರಿಸಿನಲ್ಲಿ ಸೀನ್ ನದಿಯ ದಡದಲ್ಲಿ 1965ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಕಲಾ ನಗರಿಯಲ್ಲಿ ಹಲವು ದೇಶಗಳೂ ನಗರಗಳೂ ತಮ್ಮ ತಮ್ಮ ಕಲಾವಿದರಿಗಾಗಿ ಕೋಣೆಗಳನ್ನು ಕಾದಿರಿಸಿಕೊಂಡಿವೆ. ಬೆಂಗಳೂರಿನಲ್ಲಿ ಜರ್ಮನಿಯ ಗೋಯೆಥೆ ಸಂಸ್ಥೆ ಅಲ್ಲಿಯ ಕಲಾವಿದರನ್ನು ಇಲ್ಲಿಗೆ ತಂದು ಇರಿಸುತ್ತದೆ; ಶಾಂತಿ ರಸ್ತೆಯ ಒಂದನೆಯ ನಂಬರಿನ ಮನೆ ಇಪ್ಪತ್ತು ವರ್ಷಗಳಿಂದ ದೇಶವಿದೇಶದವರಿಗೆ ತಂಗುದಾಣವಾಗಿದೆ.

ನಮ್ಮ ಕಡೆಯವರೂ ಹೋಗಿದ್ದಾರೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರು ಬೆಂಗಳೂರು, ಶಾಂತಿನಿಕೇತನಗಳಲ್ಲಿ ಕಲಿತು, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜಿನಲ್ಲಿ ಓದು ಮುಗಿಸಿದವರು. ಅವರ ಶಿಲ್ಪ ಜರ್ಮನಿಯ ಡಾಕ್ಯುಮೆಂಟಾ, ವೆನಿಸ್ ಬಿಯೆನ್ನಾಲೆಗಳವರೆಗೂ ಹೋಯಿತು. ಸ್ವಿಟ್ಜರ್ಲೆಂಡಿನವರಾದ ತಮ್ಮ ಪತಿಯೊಡನೆ 2012ರಲ್ಲಿ ಕೊಚ್ಚಿಯಲ್ಲಿ ಅವರು ಮಾಡಿದ ಕೃತಿಯ ಸಾಮಗ್ರಿ ಏನು ಬಲ್ಲಿರಾ? ಮಿಕ್ಸಿ ಬಂದ ಮೇಲೆ ಬೆಂಗಳೂರಿನ ಮನೆಗಳವರು ಬೀದಿಗೆ ಬಿಟ್ಟ ರುಬ್ಬುವ ಕಲ್ಲುಗಳು, ನೂರಕ್ಕೂ ಹೆಚ್ಚು. ಇದೂ ಶಿಲ್ಪವೇ ಎಂದು ಕೇಳುವವರಿದ್ದಾರೆ. ಮೊದಲು ನಾವೂ ಕೇಳಿದ್ದೆವು. ಅಜ್ಜಿಯ ಕೈ ಸವೆಸಿದ ಒರಳಿನ ಗುಳಿಯನ್ನು ನೆನೆದ ಮೇಲೆ ಕೇಳುವುದನ್ನು ಬಿಟ್ಟೆವು. ಎಲ್ಲರಿಗೂ ದಾರಿ ತೆರೆದಿರುವುದಿಲ್ಲ ಎಂಬುದೂ ಸತ್ಯ. ಅಯೋಧ್ಯೆಯ ಬಾಲರಾಮನ ವಿಗ್ರಹವನ್ನು ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜರು 2024ರ ಆಗಸ್ಟಿನಲ್ಲಿ ಅಮೆರಿಕದ ಕನ್ನಡಿಗರ ಸಮ್ಮೇಳನಕ್ಕೆ ಹೊರಟಾಗ ಅವರಿಗೆ ವೀಸಾ ಸಿಗಲಿಲ್ಲ. ದಾಸೋಜನಿಗೆ ಆ ತೊಂದರೆ ಇದ್ದಿರಲಾರದು.

ಊರಿಂದೂರಿಗೆ ಶಿಲ್ಪಿಯನ್ನು ಕರೆಸುವ ಪದ್ಧತಿ ಪವಿತ್ರ ಬೈಬಲಿನಲ್ಲಿಯೂ ಇದೆ. ಗುಡಾರದ ಕೆಲಸಕ್ಕೆ ಮೋಶೆಗೆ ದೊರೆತ ಬೆಚಲೇಲ ತನ್ನವರಲ್ಲೇ ಒಬ್ಬ. ಆದರೆ ಸೊಲೊಮೋನ ಜೆರುಸಲೇಮಿನ ದೇವಾಲಯವನ್ನು ಕಟ್ಟಿಸುವಾಗ ಕಂಚಿನ ಕೆಲಸಕ್ಕೆ ಟೈರ್ ನಗರದಿಂದ ಹೀರಾಮನನ್ನು ಕರೆಸಿದ. ಹೀರಾಮನ ತಾಯಿ ನಫ್ತಾಲಿ ಕುಲದ ವಿಧವೆ, ತಂದೆ ಟೈರಿನ ಕಂಚುಗಾರ. ದೇವಾಲಯದ ಮುಂದಿನ ಎರಡು ಕಂಬಗಳನ್ನು ಎರಕ ಹೊಯ್ದವನು ಅವನೇ. ಅರಸರ ಮೊದಲನೆಯ ಗ್ರಂಥದ ಏಳನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ತೆರೆದು ನೋಡಬಹುದು.

ನಮ್ಮ ನಾಡಿನ ಕಥೋಲಿಕರಿಗೂ ಇಂತಹ ಅತಿಥಿ ಕಲಾವಿದನೊಬ್ಬ ದೊರಕಿದ್ದ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಛಾವಣಿಗಳನ್ನು ಚಿತ್ರಗಳಿಂದ ತುಂಬಿದ ಯೇಸುಸಭೆಯ ಸಹೋದರ ಅಂತೋನಿಯೊ ಮೋಸ್ಕೇನಿ, ಇಟಲಿಯ ಬೆರ್ಗಮೊ ಸಮೀಪದ ಸ್ತೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಂಗಳೂರಿಗೆ ಬಂದು, ನಮ್ಮ ಸೆಕೆಯಲ್ಲಿ, ಹಸಿಗಾರೆಯ ಮೇಲೆ, ಅಟ್ಟ ಕಟ್ಟಿಕೊಂಡು ಬರೆದರು. ಅಲ್ಲಿಂದ ಕೊಚ್ಚಿಗೆ ಹೋಗಿ 1905ರಲ್ಲಿ ಅಲ್ಲಿಯೇ ತೀರಿಕೊಂಡರು, ಊರಿಗೆ ಮರಳಲಿಲ್ಲ. ಅವರ ಕೆಲಸಕ್ಕೆ ನಾವು ಕೃತಜ್ಞರು. ಒಂದು ಸಂಕೋಚದ ಮಾತನ್ನೂ ಹೇಳಬೇಕು: ಬಂದವರು ಕೊಟ್ಟರು, ನಾವು ಪಡೆದೆವು, ವಿನಿಮಯವೆನ್ನಲು ನಮ್ಮಿಂದ ಏನೂ ಹೋಗಲಿಲ್ಲ. ಹಾಸನ ಜಿಲ್ಲೆಯಲ್ಲೇ, ಹೇಮಾವತಿಯ ಹಿನ್ನೀರಿನಲ್ಲಿ, 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ ಪಾಳುಬಿದ್ದು ನಿಂತಿದೆ. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಅದರ ಕಮಾನುಗಳು ಫ್ರಾನ್ಸಿನ ಯಾವುದೋ ಊರಿನವೆನ್ನುವಂತಿವೆ. ನಾಲ್ಕು ದಿಕ್ಕಿಗೂ ಹೊಯ್ಸಳರ ಗುಡಿಗಳಿರುವ ಜಿಲ್ಲ���ಯಲ್ಲಿ ಕಟ್ಟಿದ ಆ ದೇವಾಲಯಕ್ಕೆ ನೆರೆಯ ಶಿಲ್ಪಿಯ ಉಳಿ ಸೋಕಿದ ಗುರುತನ್ನು ನಾವು ಹುಡುಕಿ ಕಾಣದೆ ಬಂದೆವು.

ಇಂದಿಗೂ ಪರಿಸ್ಥಿತಿ ಬಹಳ ಬೇರೆಯಲ್ಲ. ಧರ್ಮಕೇಂದ್ರದ ಹಬ್ಬಕ್ಕೆ ಹೊಸ ಸ್ವರೂಪ ಬೇಕೆಂದಾಗ ಪಾಲನಾ ಸಮಿತಿಯ ಮುಂದೆ ಬರುವುದು ಅಂಗಡಿಯ ಕ್ಯಾಟಲಾಗ್. ಮೂರಡಿ, ನಾಲ್ಕಡಿ, ಐದಡಿ. ಫೈಬರ್ ಅಥವಾ ಪ್ಲಾಸ್ಟರ್. ನೀಲಿ ಕಣ್ಣು, ಗುಲಾಬಿ ಕೆನ್ನೆ. ನಾವೇ ಕುಳಿತಿದ್ದ ಒಂದು ಸಭೆಯಲ್ಲಿ ಸಂತ ಜೋಸೆಫರನ್ನು ಹೀಗೆ ಹತ್ತು ನಿಮಿಷಗಳಲ್ಲಿ ಆರಿಸಿಯಾಯಿತು. ಆ ದಿನ ನಾವು ಬಾಯಿ ಬಿಡಲಿಲ್ಲ. ದರ ಕಡಮೆ ಇತ್ತು, ಹಬ್ಬ ಹತ್ತಿರವಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನಾವಿಧಿಯನ್ನು ಕುರಿತು 1963ರ ಡಿಸೆಂಬರ್ 4ರಂದು ಹೊರಡಿಸಿದ ಶಾಸನದಲ್ಲಿ, ಧರ್ಮಸಭೆ ಯಾವುದೇ ಒಂದು ಕಲಾಶೈಲಿಯನ್ನು ತನ್ನದೇ ಎಂದು ಕಟ್ಟಿಕೊಂಡಿಲ್ಲ, ಆಯಾ ಜನಾಂಗದ ಕಲೆಗೆ ದೇವಾಲಯದಲ್ಲಿ ಎಡೆಯುಂಟು ಎಂಬ ಅರ್ಥದ ಮಾತಿದೆ. ಹಾಸನವನ್ನೂ ಒಳಗೊಂಡ ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿದ್ದು ಅದಕ್ಕೆ ಹದಿನೆಂಟು ದಿನ ಮೊದಲು, ನವೆಂಬರ್ 16ರಂದು. ಎರಡಕ್ಕೂ ಅರುವತ್ತು ವರ್ಷ ದಾಟಿತು.

ಇನ್ನು ಹುಡುಗನ ಗುರುವಾಗಬೇಕಾಗಿದ್ದ ಆಚಾರ್ಯರ ವಿಷಯ. ಬೇಲೂರಿನ ಹೊರವಲಯದಲ್ಲಿ ತಗಡಿನ ಚಪ್ಪರ. ಒಳಗೆ ಅರೆಗೆತ್ತಿದ ಗಣಪತಿ, ತಲೆಯಿಲ್ಲದ ನಂದಿ, ಯಾರದೋ ಮನೆಗೆಂದು ಮಾಡಿದ ತುಳಸಿಕಟ್ಟೆ. ಬಳಪದ ಕಲ್ಲಿನ ರಾಶಿ. ನಾವು ಬಾಲ್ಯದಲ್ಲಿ ಸ್ಲೇಟಿನ ಮೇಲೆ ಅ ಆ ಬರೆದ ಬಳಪಕ್ಕೆ ಬಂಧುವಾದ ಕಲ್ಲದು; ಗಣಿಯಿಂದ ಹೊಸದಾಗಿ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆಲ್ಲ ಗಟ್ಟಿ. ಹೊಯ್ಸಳರ ವಿಗ್ರಹಗಳ ಬಳೆಯ ಸಂದಿನಲ್ಲಿ ಬೆಳಕು ತೂರುವುದಕ್ಕೆ ಈ ಗುಣವೇ ಕಾರಣ. ಆಚಾರ್ಯರು ಮಾತಿನಲ್ಲಿ ಮಿತ, ಕೈ ನಿಲ್ಲಿಸದವರು. ಹುಡುಗ ಕ್ರೈಸ್ತನೆಂದು ನಾವು ಮೊದಲೇ ಹೇಳಿದೆವು. ತಲೆಯೆತ್ತಿ ನೋಡಿ, "ಗೊತ್ತು. ಎರಡು ಸಲ ಬಂದು ಕೂತು ಹೋಗಿದ್ದಾನೆ. ಕೈ ಇದೆ" ಎಂದರು. ಬಳಿಕ ಅವರೇ ವಿಷಯಕ್ಕೆ ಬಂದರು.

"ನಿಮ್ಮ ಸ್ವಾಮಿಯನ್ನು ಕೆತ್ತಿಕೊಡಿ ಎಂದು ಒಬ್ಬರು ಕೇಳಿದ್ದರು. ನಾನು ಒಪ್ಪಲಿಲ್ಲ. ದುಡ್ಡಿನ ಪ್ರಶ್ನೆಯಲ್ಲ. ನಮ್ಮಲ್ಲಿ ಪ್ರತಿ ದೇವರಿಗೂ ಧ್ಯಾನಶ್ಲೋಕವಿದೆ. ಎಷ್ಟು ಕೈ, ಯಾವ ಆಯುಧ, ಯಾವ ಭಂಗಿ, ಎಷ್ಟು ತಾಲ ಎಲ್ಲವೂ ಅದರಲ್ಲಿ ಬರುತ್ತದೆ. ಮುಖದ ಉದ್ದವೇ ಒಂದು ತಾಲ; ಅದರಿಂದ ಮಿಕ್ಕ ದೇಹ. ಅವರು ನನ್ನ ಕೈಗೆ ಕೊಟ್ಟದ್ದು ಒಂದು ಕ್ಯಾಲೆಂಡರು. ಕ್ಯಾಲೆಂಡರು ನೋಡಿ ವಿಗ್ರಹ ಮಾಡಲು ನನಗೆ ಬರುವುದಿಲ್ಲ. ನಿಮ್ಮ ಸ್ವಾಮಿಯ ಧ್ಯಾನ ಏನು, ನೀವೇ ಹೇಳಿ."

ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳಬೇಕು. ವರ್ಷಗಳಿಂದ ಪತ್ರಿಕೆಗೆ ಬರೆದವರು ನಾವು. ಉತ್ತರ ಕೊಟ್ಟವನು ಹುಡುಗ. ಪವಿತ್ರ ಗುರುವಾರದ ಶುಭಸಂದೇಶವನ್ನು ಅವನು ತನ್ನ ಮಾತಿನಲ್ಲಿಯೇ ಹೇಳಿದ: ಕೊನೆಯ ಭೋಜನದ ವೇಳೆ ಯೇಸುಸ್ವಾಮಿ ಮೇಲುಹೊದಿಕೆ ತೆಗೆದಿಟ್ಟದ್ದು, ಸೊಂಟಕ್ಕೆ ಅಂಗವಸ್ತ್ರ ಸುತ್ತಿಕೊಂಡದ್ದು, ಬೋಗುಣಿಯಲ್ಲಿ ನೀರು ತೆಗೆದುಕೊಂಡು ಶಿಷ್ಯರ ಪಾದಗಳನ್ನು ತೊಳೆದದ್ದು, ಪೇತ್ರ ಬೇಡವೆಂದದ್ದು. ಆಚಾರ್ಯರ ಕೈ ನಿಂತಿತು. "ಕೂತಿದ್ದರೋ, ಮಂಡಿಯೂರಿದ್ದರೋ?" ಎಂದರು. ಬರೆದಿಲ್ಲ, ಆದರೆ ಕಾಲು ತೊಳೆಯಬೇಕಾದರೆ ಮಂಡಿಯೂರಲೇಬೇಕಲ್ಲ ಎಂದ ಹುಡುಗ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮಂಡಿಯೂರಿದ ಗರುಡನನ್ನು ಮಾಡಿದ್ದೇನೆ. ಹನುಮನನ್ನು ಮಾಡಿದ್ದೇನೆ. ಅದು ಸೇವಕನ ಭಂಗಿ. ಒಡೆಯನಿಗೆ ಆ ಭಂಗಿ ಕೊಟ್ಟು ನಾನು ಯಾವತ್ತೂ ಕೆತ್ತಿಲ್ಲ. ಅವರನ್ನು ತಗ್ಗಿಸಿಯೂ ದೊಡ್ಡದಾಗಿ ತೋರಿಸಬೇಕು. ತಾಲ ಹೇಗೆ ಹಿಡಿಯುವುದು?" ಎನ್ನುತ್ತ ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಬಾಗಿದ ಬೆನ್ನಿನ ಗೆರೆ ಎಳೆದರು. ಅಳಿಸಿದರು. ಮತ್ತೆ ಎಳೆದರು. ನಾವು ಅಲ್ಲಿದ್ದಷ್ಟು ಹೊತ್ತೂ ಆ ಗೆರೆ ಅವರಿಗೆ ಒಪ್ಪಿಗೆಯಾಗಲಿಲ್ಲ.

ತಾಯಿ ಕೇಳಿದ ಮಾತನ್ನು ನಾವು ಬಳಿಕ ಪರಿಚಯದ ಗುರುಗಳೊಬ್ಬರ ಮುಂದಿಟ್ಟೆವು. "ಮೊದಲ ಎರಡು ವರ್ಷ ಅವನಿಗೆ ಯಾರೂ ದೇವರನ್ನು ಕೆತ್ತಲು ಕೊಡುವುದಿಲ್ಲ. ತಾವರೆಯ ಎಸಳು, ಬಳ್ಳಿ, ಹಂಸದ ಸಾಲು. ತಾವರೆಯ ಎಸಳಿಗೆ ಮತಭೇದವಿಲ್ಲ. ಅದನ್ನು ಸರಿಯಾಗಿ ಕಲಿಯಲಿ, ಆಮೇಲಿನದನ್ನು ಅವನ ಮನಸ್ಸಾಕ್ಷಿಯೂ ನಾನೂ ಕೂತು ಮಾತನಾಡುತ್ತೇವೆ" ಎಂದರು. ಇದು ಪೂರ್ತಿ ಉತ್ತರವಲ್ಲವೆಂದು ಕೆಲವರು ಹೇಳಬಹುದು. ನಮಗೆ ಮಾತ್ರ ಪ್ರಾಮಾಣಿಕವೆನಿಸಿತು.

ಧೂಳಿನ ವಿಷಯದಲ್ಲಿ ತಾಯಿಯ ಭಯ ಸರಿಯಾದುದೇ. ಇದನ್ನು ಹಗುರವಾಗಿ ಕಾಣಬಾರದು. ಉಳಿ ಸುತ್ತಿಗೆಯ ಕಾಲದಲ್ಲಿ ಚಕ್ಕೆ ಹಾರುತ್ತಿತ್ತು; ಈಗ ಗ್ರೈಂಡರು ಕಲ್ಲನ್ನು ಹಿಟ್ಟು ಮಾಡಿ ಗಾಳಿಗೆ ತೂರುತ್ತದೆ. ಗ್ರಾನೈಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ತರುತ್ತದೆ; ಬಂದ ಮೇಲೆ ಗುಣಪಡಿಸುವ ಔಷಧವಿಲ್ಲ. ಬಳಪದ ಕಲ್ಲಿನಲ್ಲಿ ಅದು ಕಡಮೆಯಾದರೂ ಅಪಾಯವಿಲ್ಲವೆನ್ನಲಾಗದು. ಮುಖಕ್ಕೆ ಕಟ್ಟಿದ ಕರವಸ್ತ್ರ ಸಾಲದು. ಬಿಗಿಯಾಗಿ ಕೂರುವ ಮುಖಗವಸು ಬೇಕು, ನೀರು ಹಾಯಿಸಿ ಕೊಯ್ಯಬೇಕು, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂರಬೇಕು. ಆಚಾರ್ಯರ ಚಪ್ಪರದಲ್ಲಿ ನೀರಿನ ಕೊಳವೆ ಇತ್ತು, ಮುಖಗವಸು ಇರಲಿಲ್ಲ. ಇದನ್ನು ನಾವು ಅವರೆದುರಿಗೇ ಹೇಳಿದೆವು, ಅವರು ಬೇಸರಿಸಲಿಲ್ಲ.

ಅನ್ನದ ಮಾತು. ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಕಲ್ಲು, ಮರ, ಲೋಹದ ಕೆಲಸಗಳನ್ನು ಕಲಿಸುತ್ತದೆ. ಪದವಿಯೇ ಬೇಕೆನ್ನುವವರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ. ಕರ್ನಾಟಕ ಶಿಲ್ಪಕಲಾ ಅಕಾಡೆಮಿ ಶಿಬಿರಗಳನ್ನು ನಡೆಸುತ್ತದೆ. ಹೊರ ಊರುಗಳ ಶಿಲ್ಪಿಗಳೊಡನೆ ಒಂದೇ ಬಯಲಿನಲ್ಲಿ ದುಡಿಯುವ ಅವಕಾಶ ಹೊಸಬನಿಗೆ ಮೊದಲು ಸಿಗುವುದು ಇಂತಹ ಕಡೆಗಳಲ್ಲಿ. ವಿದೇಶದ ರೆಸಿಡೆನ್ಸಿಗಳು ಕೇಳುವುದು ಕೃತಿಗಳ ಛಾಯಾಚಿತ್ರಗಳನ್ನೂ, ಮಾಡಬೇಕೆಂದಿರುವ ಕೆಲಸದ ವಿವರಣೆಯನ್ನೂ. ಆದುದರಿಂದ ಹುಡುಗ ಇಂಗ್ಲಿಷನ್ನು ಕೈಬಿಡದಿರುವುದು ಒಳ್ಳೆಯದು. ಸಂಪಾದನೆ ರೈಲ್ವೆ ಸಂಬಳದಷ್ಟು ನಿಶ್ಚಿತವೇ ಎಂದರೆ, ಅಲ್ಲ. ಅದನ್ನು ಮುಚ್ಚಿಟ್ಟು ಯಾವ ತಂದೆಯನ್ನೂ ಒಪ್ಪಿಸಬಾರದು.

ಸಂಜೆಯ ಬಸ್ಸಿನಲ್ಲಿ ಅರಸೀಕೆರೆಗೆ ಮರಳಿ ಇಷ್ಟನ್ನೂ ಮನೆಯವರ ಮುಂದೆ ಹೇಳಿದೆವು. ತಂದೆ ಕೊನೆಯವರೆಗೂ ಕೇಳಿ, ರೈಲ್ವೆ ಅರ್ಜಿಯನ್ನೂ ಹಾಕಲಿ, ಇದನ್ನೂ ಒಂದು ವರ್ಷ ನೋಡಲಿ ಎಂದರು. ಅದನ್ನು ಒಪ್ಪಿಗೆಯೆಂದು ತಿಳಿಯಬೇಕೋ ಮುಂದೂಡಿಕೆಯೆಂದು ತಿಳಿಯಬೇಕೋ ಹೇಳುವುದು ಕಷ್ಟ. ತಾಯಿ ಒಳಗೆ ಹೋಗಿ ಕಾಫಿ ತಂದರು. ದೇವರ ವಿಷಯವನ್ನಾಗಲಿ ಧೂಳಿನ ವಿಷಯವನ್ನಾಗಲಿ ಅವರು ಮತ್ತೆ ಎತ್ತಲಿಲ್ಲ. ಮುಖಗವಸು ಎಲ್ಲಿ ಸಿಗುತ್ತದೆಂದು ಕೇಳಿದರು. ಶನಿವಾರ ಬೇಲೂರಿನಿಂದ ಹೊರಡುವ ಕೊನೆಯ ಬಸ್ಸು ಎಷ್ಟು ಗಂಟೆಗೆ, ಭಾನುವಾರದ ಪೂಜೆಗೆ ಅವನು ಮನೆ ಸೇರಬಹುದೇ ಎಂದೂ ಕೇಳಿದರು.